25 ಪರ್ಸೆಂಟ್ ಅಂದ್ರೆ ನಿಮಗೆ 20

ಅಮೆರಿಕದಲ್ಲಿ ಸ್ವಂತ ಕೆಲಸ ಮಾಡುವವರ ಟ್ಯಾಕ್ಸ್ ನೋಡಿಕೊಳ್ಳುವ ನನಗೆ ಮಾರ್ಚ್ ಬಂತೆಂದರೆ ಈ ಫೋನ್ ಬಂದೇ ಬರುತ್ತದೆ. "ಸೆಪ್ ಐಆರ್‌ಎಗೆ 25 ಪರ್ಸೆಂಟ್ ಹಾಕಬಹುದಲ್ವಾ ಸರ್? ಲಾಭ ಒಂದು ಲಕ್ಷ ಡಾಲರ್. 25,000 ಕಳಿಸಿಬಿಡ್ಲಾ?"

ಕಳಿಸಬೇಡಿ. ಸೆಪ್ ಐಆರ್‌ಎ ಅಂದರೆ ಸ್ವಂತ ಕೆಲಸದವರು ನಿವೃತ್ತಿಗೆ ದುಡ್ಡು ಕೂಡಿಡುವ ಒಂದು ಖಾತೆ. ಮೊದಲು ಸೆಲ್ಫ್ ಎಂಪ್ಲಾಯ್‌ಮೆಂಟ್ ಟ್ಯಾಕ್ಸಿನ (ಸ್ವಂತ ಕೆಲಸದವರು ಸರ್ಕಾರದ ಪಿಂಚಣಿ, ಆರೋಗ್ಯ ಯೋಜನೆಗಳಿಗೆ ಕಟ್ಟುವ ತೆರಿಗೆ) ಅರ್ಧ ಕಳೆಯಬೇಕು. ಒಂದು ಲಕ್ಷದ ಲಾಭಕ್ಕೆ ಆ ಅರ್ಧ ಸುಮಾರು 7,065. ಉಳಿದದ್ದು 92,935. ಇದರ ಮೇಲೂ ನೇರವಾಗಿ 25 ಹಾಕುವಂತಿಲ್ಲ. ನೀವು ಕಟ್ಟುವ ದುಡ್ಡನ್ನೂ ಕಳೆದು, ಮಿಕ್ಕಿದ್ದರ ಮೇಲೆ 25 ಪರ್ಸೆಂಟ್ ಲೆಕ್ಕ. ತಿರುಗಿಸಿ ಹಾಕಿದರೆ ಅದು 92,935ರ 20 ಪರ್ಸೆಂಟ್, ಅಂದರೆ 18,587. ನಂಬಿಕೆ ಬರದಿದ್ದರೆ ಕಳೆದು ನೋಡಿ: ಉಳಿಯುವುದು 74,348, ಅದರ ಕಾಲು ಭಾಗ ಸರಿಯಾಗಿ 18,587.

ಅದೇ ಲಾಭಕ್ಕೆ ಸೋಲೋ 401(ಕೆ), ಅಂದರೆ ಒಬ್ಬರೇ ನಡೆಸುವ ಕೆಲಸಕ್ಕೆ ಇರುವ ನಿವೃತ್ತಿ ಪ್ಲಾನ್, ಇದ್ದರೆ ಚಿತ್ರವೇ ಬೇರೆ. ಇಲ್ಲಿ ಯಜಮಾನರೂ ನೀವೇ, ನೌಕರರೂ ನೀವೇ. ಯಜಮಾನರ ಪಾಲು ಅದೇ 18,587. ನೌಕರರ ಪಾಲಿನ ಮಿತಿ 2025ಕ್ಕೆ 23,500 ಇತ್ತು. ಎರಡೂ ಸೇರಿ 42,087. ಆ ವರ್ಷ ಒಟ್ಟು ಮಿತಿ 70,000 ಇತ್ತು. ವಯಸ್ಸು 50 ತುಂಬಿದ್ದರೆ ಅದರ ಮೇಲೆ ಇನ್ನೂ 7,500, 60ರಿಂದ 63ರ ನಡುವೆ ಇದ್ದರೆ ಅದರ ಬದಲು 11,250 ಹಾಕಬಹುದಿತ್ತು. ಹಾಗಾಗಿ ಲಾಭ ತೀರಾ ಜಾಸ್ತಿ ಇಲ್ಲದವರಿಗೆ ನಾನು ಸೆಪ್ ಹೇಳುವುದು ಕಡಿಮೆ. ಕಾಗದಪತ್ರ ಕಡಿಮೆ ಅಂತ ಸುಮ್ನೆ ಅದನ್ನೇ ಹಿಡಿದುಕೊಂಡವರು ಬಹಳ ಜನ. ಆದರೆ ಗಂಡ ಅಥವಾ ಹೆಂಡತಿ ಬಿಟ್ಟು ಬೇರೆ ಪೂರ್ಣಾವಧಿ ನೌಕರರಿದ್ದರೆ ಸೋಲೋ ಆಗುವುದಿಲ್ಲ.

ಎಡವುವ ಜಾಗ ಇನ್ನೊಂದಿದೆ. ಹಗಲು ಕಂಪನಿಯಲ್ಲಿ ಕೆಲಸ, ಸಂಜೆ ಸ್ವಂತ ಕನ್ಸಲ್ಟಿಂಗ್ ಮಾಡುವ ಒಬ್ಬರು ಆ ವರ್ಷ ಆಫೀಸಿನ 401(ಕೆ)ಗೆ 15,000 ಕಟ್ಟಿದ್ದರು. ಸೋಲೋದಲ್ಲೂ ನೌಕರರ ಪಾಲೆಂದು ಪೂರ್ತಿ 23,500 ಹಾಕಿದ್ದರು. "ಪ್ಲಾನ್ ಬೇರೆ ಬೇರೆ ಅಲ್ವಾ?" ಅಂದರು. ಪ್ಲಾನ್ ಬೇರೆ, ನಿಜ. ಆದರೆ ಆ 23,500ರ ಮಿತಿ ಇದ್ದದ್ದು ತಲೆಗೆ, ಪ್ಲಾನಿಗಲ್ಲ. ಅವರಿಗೆ ಉಳಿದಿದ್ದ ಜಾಗ 8,500 ಮಾತ್ರ. ಯಜಮಾನರ ಪಾಲಿಗೆ ಈ ತೊಡಕಿಲ್ಲ, ಅದು ಸ್ವಂತ ಕೆಲಸದ ಲಾಭದ ಮೇಲೆ ಬೇರೆಯಾಗಿಯೇ ನಿಲ್ಲುತ್ತದೆ.

ಅವರ ಡಬ್ಲ್ಯು-2, ಅಂದರೆ ಕಂಪನಿ ಕೊಡುವ ವರ್ಷದ ಸಂಬಳದ ಫಾರ್ಮ್, ತರಿಸಿ ನೋಡಿದೆ. 12ನೇ ಬಾಕ್ಸಿನಲ್ಲಿ 'ಡಿ' ಅಕ್ಷರದ ಪಕ್ಕ 15,000 ಕೂತಿತ್ತು. ಟ್ಯಾಕ್ಸ್ ಕಟ್ಟಿದ ಮೇಲಿನ ದುಡ್ಡು ಹಾಕುವ ರಾತ್ ಬಗೆ ಆಗಿದ್ದರೆ 'ಎಎ' ಅಂತ ಇರುತ್ತದೆ. ಸೋಲೋಗೆ ದುಡ್ಡು ಕಳಿಸುವ ಮುಂಚೆ ಆ ಬಾಕ್ಸ್ ನೋಡಿದ್ದರೆ ಸಾಕಿತ್ತು. ಹೆಚ್ಚಾದ 15,000ವನ್ನು, ಅದರ ಮೇಲೆ ಬಂದ ಗಳಿಕೆ ಸಮೇತ, ಏಪ್ರಿಲ್ 15ರೊಳಗೆ ಹೊರಗೆ ತೆಗೆಯಬೇಕು. ತಪ್ಪಿದರೆ ಅದೇ ದುಡ್ಡಿಗೆ ಎರಡು ಸಲ ಟ್ಯಾಕ್ಸ್: ಈಗೊಮ್ಮೆ, ಮುಂದೆ ತೆಗೆಯುವಾಗ ಇನ್ನೊಮ್ಮೆ.

ಅವರು ಫೋನ್ ಮಾಡಿದ್ದು ಏಪ್ರಿಲ್ 9ಕ್ಕೆ.