ಸರ್ವಿಸ್ ಸೀಲಿಂಗ್ ಅಂದರೆ ಏನು?

ಯುದ್ಧವಿಮಾನಗಳ ಬಗ್ಗೆ ಓದುವಾಗ ‘ಸರ್ವಿಸ್ ಸೀಲಿಂಗ್ ಇಷ್ಟು ಸಾವಿರ ಅಡಿ’ ಅನ್ನುವ ಸಾಲು ಕಣ್ಣಿಗೆ ಬಿದ್ದೇ ಬೀಳುತ್ತದೆ. ವಿಮಾನ ಅಲ್ಲಿಂದ ಮೇಲೆ ಹೋಗುವುದೇ ಇಲ್ಲ ಅಂತ ಅದರ ಅರ್ಥವಲ್ಲ. ಮೇಲೇರಿದಷ್ಟೂ ಗಾಳಿ ತೆಳುವಾಗುತ್ತದೆ, ಎಂಜಿನ್ ಸೊರಗುತ್ತದೆ, ಏರುವ ವೇಗ ಕುಗ್ಗುತ್ತದೆ. ಪ್ರೊಪೆಲ್ಲರ್ ವಿಮಾನಗಳಲ್ಲಿ ಆ ವೇಗ ನಿಮಿಷಕ್ಕೆ 100 ಅಡಿಗೆ ಇಳಿಯುವ ಎತ್ತರವೇ ಸರ್ವಿಸ್ ಸೀಲಿಂಗ್. ಇನ್ನು ಒಂದಡಿಯೂ ಏರಲಾಗದ ಎತ್ತರಕ್ಕೆ ಅಬ್ಸಲ್ಯೂಟ್ ಸೀಲಿಂಗ್ ಅನ್ನುತ್ತಾರೆ.

ಆದರೆ ಅಷ್ಟು ಎತ್ತರ ತಲುಪುವುದು ಬೇರೆ, ಅಲ್ಲಿ ಹೊಡೆದಾಡುವುದು ಬೇರೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರಿಗೆ ಇದರ ಬಿಸಿ ಚೆನ್ನಾಗಿಯೇ ತಟ್ಟಿತು. ಜರ್ಮನಿಯ ಯುಂಕರ್ಸ್ 86ಪಿ ವಿಮಾನಕ್ಕೆ ಗಾಳಿಯೊತ್ತಡ ಕಾಯುವ ಕ್ಯಾಬಿನ್, ತೆಳುಗಾಳಿಯನ್ನು ಒತ್ತಿ ಒಳಗೆ ತಳ್ಳುವ ಟರ್ಬೋ ಇದ್ದ ಡೀಸೆಲ್ ಎಂಜಿನ್, ಉದ್ದುದ್ದ ರೆಕ್ಕೆ. 40,000 ಅಡಿ ಸುಮಾರಿನಲ್ಲಿ ನಿಧಾನವಾಗಿ ಹೋಗುತ್ತಾ ಆರಾಮಾಗಿ ಫೋಟೋ ತೆಗೆಯುತ್ತಿತ್ತು. ಕೆಳಗಿದ್ದವರು ಸುಮ್ನೆ ನೋಡಬೇಕು, ಅಷ್ಟೇ. ಈಜಿಪ್ಟಿನಲ್ಲಿ ಅದನ್ನು ಹಿಡಿಯಲು ಬ್ರಿಟಿಷರು ತಮ್ಮ ಸ್ಪಿಟ್‌ಫೈರ್ ಯುದ್ಧವಿಮಾನಗಳ ರಕ್ಷಾಕವಚವನ್ನೇ ಬಿಚ್ಚಿ ಭಾರ ಇಳಿಸಿದರು.

1942ರ ಆಗಸ್ಟ್‌ನಲ್ಲಿ ಇದರ ಮುಂದಿನ ಮಾದರಿ 86ಆರ್ ಬಾಂಬ್ ಹೊತ್ತು ಇಂಗ್ಲೆಂಡಿಗೆ ಬಂತು. ಬ್ರಿಸ್ಟಲ್‌ನಲ್ಲಿ ಒಂದೇ ಬಾಂಬಿಗೆ 40ಕ್ಕೂ ಹೆಚ್ಚು ಜನ ಸತ್ತರು. ಸೆಪ್ಟೆಂಬರ್ 12ರಂದು ಇಮ್ಯಾನುಯೆಲ್ ಗಲಿಟ್ಜಿನ್ ಎಂಬ ಪೈಲಟ್ ಹಗುರ ಮಾಡಿದ ಸ್ಪಿಟ್‌ಫೈರ್ 9ರಲ್ಲಿ ಅಂಥ ಒಂದು ವಿಮಾನವನ್ನು ಬೆನ್ನಟ್ಟಿದ. ರಷ್ಯಾದಿಂದ ಇಂಗ್ಲೆಂಡಿಗೆ ಬಂದು ನೆಲೆಸಿದ್ದ ರಾಜಮನೆತನದವ. ಮೆಷಿನ್‌ಗನ್‌ಗಳನ್ನು ತೆಗೆದು ಎರಡು ಫಿರಂಗಿ ಮಾತ್ರ ಉಳಿಸಿದ್ದರು. ಜರ್ಮನರು ಬಾಂಬನ್ನು ಅಲ್ಲೇ ಉದುರಿಸಿ ಇನ್ನೂ ಮೇಲೇರಿದರು. ಸೌತಾಂಪ್ಟನ್ ಮೇಲೆ, 43,000 ಅಡಿ ಹತ್ತಿರ, ಗಲಿಟ್ಜಿನ್ ಟ್ರಿಗರ್ ಒತ್ತಿದ. ಎಡಗಡೆಯ ಫಿರಂಗಿ ಜಾಮ್! ಬಲಗಡೆಯದು ಮಾತ್ರ ಗುಂಡು ಹಾರಿಸಿದಾಗ ಅದರ ಒದೆತಕ್ಕೆ ವಿಮಾನ ಪಕ್ಕಕ್ಕೆ ತಿರುಗಿ ಕೆಳಗೆ ಜಾರಿತು.

ನೆಲದ ಹತ್ತಿರವಾಗಿದ್ದರೆ ಆ ಒದೆತ ದೊಡ್ಡ ಸಂಗತಿಯೇ ಅಲ್ಲ. ಅಷ್ಟು ಮೇಲೆ ಗಾಳಿಯ ಒತ್ತಡ ನೆಲಮಟ್ಟದ ಆರನೇ ಒಂದು ಭಾಗ. ಹಾರಾಟದ ವೇಗಕ್ಕೂ ವಿಮಾನ ಸ್ಟಾಲ್ ಆಗಿ (ರೆಕ್ಕೆಯ ಎತ್ತುವ ಬಲ ಕುಸಿದು) ಬೀಳುವ ವೇಗಕ್ಕೂ ನಡುವೆ ಅಂತರ ತೀರಾ ಕಡಿಮೆ. ಜೋರಾಗಿ ತಿರುಗಿದರೂ ಎತ್ತರ ಹೋಯಿತು, ಗುಂಡು ಹಾರಿಸಿದರೂ ಹೋಯಿತು. ಅದಕ್ಕೇ ‘ಕಾಂಬ್ಯಾಟ್ ಸೀಲಿಂಗ್’ ಅಂತ ಇನ್ನೊಂದು ಅಳತೆಯೂ ಇದೆ: ನಿಮಿಷಕ್ಕೆ 500 ಅಡಿ ಏರುವಷ್ಟು ಶಕ್ತಿ ಇನ್ನೂ ಉಳಿದಿರುವ ಎತ್ತರ. ಹೊಡೆದಾಟದ ಲೆಕ್ಕಕ್ಕೆ ನೋಡಬೇಕಾದ್ದು ಇದನ್ನೇ.

ಅಂದು ಯುಂಕರ್ಸ್‌ನ ರೆಕ್ಕೆಗೆ ತಗುಲಿದ್ದು ಒಂದೇ ಗುಂಡು. ವಿಮಾನ ತಪ್ಪಿಸಿಕೊಂಡು ಊರು ಸೇರಿತು. ಆದರೂ ಆ ಎತ್ತರದಿಂದ ಇಂಗ್ಲೆಂಡಿನ ಮೇಲೆ ಬಾಂಬ್ ಹಾಕುವ ಆಟ ಅಲ್ಲಿಗೇ ನಿಂತಿತು.