ಒಂದೇ ಕ್ಲಾಸಲ್ಲಿ ಕೂರಿಸಿದರೆ ಮಕ್ಕಳು ಬೆರೆಯುತ್ತಾರಾ?

ಪಿರಿಯಾಪಟ್ಟಣದಿಂದ ಒಬ್ಬ ತಾಯಿಯ ಪ್ರಶ್ನೆ: ಮಗಳ ಕ್ಲಾಸಲ್ಲಿ ಎಲ್ಲಾ ಜಾತಿ, ಧರ್ಮದವರಿದ್ದಾರೆ, ಬೈಲುಕುಪ್ಪೆ ಕಡೆಯ ಟಿಬೆಟಿಯನ್ ಮಕ್ಕಳೂ ಇದ್ದಾರೆ. ಆದರೆ ಊಟದ ಬೆಲ್ ಹೊಡೆದರೆ ಅವರವರ ಗುಂಪು ಅವರವರಿಗೆ. ಶಾಲೆ ಏನಾದ್ರೂ ಮಾಡೋಕಾಗುತ್ತಾ?

ಆಗುತ್ತೆ. ಆದರೆ ಸುಮ್ನೆ ಒಟ್ಟಿಗೆ ಕೂರಿಸಿದರೆ ಸಾಲದು. ವರ್ಷಕ್ಕೊಮ್ಮೆ ಎಥ್ನಿಕ್ ಡೇ ಮಾಡಿ ಫೋಟೋ ಹಾಕಿದರಂತೂ ಏನೂ ಆಗಲ್ಲ.

ಕಪ್ಪು, ಬಿಳಿ ಮಕ್ಕಳಿಗೆ ಬೇರೆ ಬೇರೆ ಶಾಲೆ ಇಡೋದು ತಪ್ಪು ಅಂತ ಅಮೆರಿಕದ ಸುಪ್ರೀಂ ಕೋರ್ಟು 1954ರಲ್ಲೇ ಹೇಳಿತ್ತು. ಆದರೂ 1971ರಲ್ಲಿ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಕಪ್ಪು, ಬಿಳಿ, ಮೆಕ್ಸಿಕನ್ ಮೂಲದ ಮಕ್ಕಳು ಒಂದೇ ಶಾಲೆಗೆ ಬಂದಾಗ ಹೊಡೆದಾಟವೇ ಆಯ್ತು. ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್‌ಸನ್ ಹೋಗಿ ನೋಡಿದರೆ, ಟೀಚರ್ ಕೇಳೋದು, ಮಕ್ಕಳು ಪೈಪೋಟಿಗೆ ಬಿದ್ದು ಕೈ ಎತ್ತೋದು, ಒಬ್ಬ ತಪ್ಪಿದರೆ ಉಳಿದವರಿಗೆ ಖುಷಿ. (ನಮ್ಮ ಕ್ಲಾಸುಗಳೂ ಹೀಗೇ ಅಲ್ವಾ?)

ಅವರು ಪಾಠವನ್ನೇ ತುಂಡು ಮಾಡಿ ಹಂಚಿಸಿದರು. ನಮ್ಮಲ್ಲಾದರೆ ಕನ್ನಂಬಾಡಿ ಕಟ್ಟೆಯ ಪಾಠ ಅಂದ್ಕೊಳ್ಳಿ. 1911ರಲ್ಲಿ ಕೆಲಸ ಶುರುವಾದ ಕಥೆ ಒಬ್ಬಳ ಹಾಳೆಯಲ್ಲಿ, ನೀರಲ್ಲಿ ಮುಳುಗಿದ ಊರುಗಳು ಇನ್ನೊಬ್ಬನ ಹತ್ರ, ವಿಶ್ವೇಶ್ವರಯ್ಯ ನಾಲೆ ಬಂದ ಮೇಲೆ ಮಂಡ್ಯದ ಗದ್ದೆಗಳು ಹೇಗೆ ಬದಲಾದವು ಅನ್ನೋದು ಮತ್ತೊಬ್ಬಳ ಹತ್ರ. ಹಾಳೆ ಕೊಡುವಂತಿಲ್ಲ, ಬಾಯಲ್ಲೇ ಹೇಳಬೇಕು. ಟೆಸ್ಟು ಮಾತ್ರ ಇಡೀ ಪಾಠದ ಮೇಲೆ. ಈಗ ಕನ್ನಡದಲ್ಲಿ ತಡವರಿಸೋ ಹುಡುಗನನ್ನು ನಿಮ್ಮ ಮಗಳು ಗೇಲಿ ಮಾಡಿದರೆ ನಷ್ಟ ಅವಳಿಗೇ, ಅದಕ್ಕೇ 'ನಿಧಾನಕ್ಕೆ ಹೇಳು, ಆಮೇಲೇನಾಯ್ತು?' ಅಂತ ಅವಳೇ ಕೇಳಬೇಕಾಗುತ್ತೆ.

ನಮ್ಮ ದೇಶದ ಉದಾಹರಣೆಯೂ ಇದೆ. ದೆಹಲಿಯ ಶ್ರೀಮಂತರ ಖಾಸಗಿ ಶಾಲೆಗಳು 2007ರಿಂದ ಬಡ ಮಕ್ಕಳಿಗೂ ಸೀಟು ಕೊಡಬೇಕಾಯ್ತು. ಇದರ ಪರಿಣಾಮ ಏನಾಯ್ತು ಅಂತ ಅರ್ಥಶಾಸ್ತ್ರಜ್ಞ ಗೌತಮ್ ರಾವ್ ಅಧ್ಯಯನ ಮಾಡಿದರು. ಕೆಲವು ಶಾಲೆಗಳಲ್ಲಿ ಹೆಸರಿನ ಅಕ್ಷರದ ಪ್ರಕಾರ ಸ್ಟಡಿ ಗ್ರೂಪ್ ಮಾಡುತ್ತಿದ್ದರು, ಹಾಗಾಗಿ ಯಾರ ಜೊತೆ ಯಾರು ಅನ್ನೋದು ಮಕ್ಕಳ ಕೈಲಿರಲಿಲ್ಲ. ಬಡ ಮಕ್ಕಳ ಜೊತೆ ಹೀಗೆ ಓದಿದ ಶ್ರೀಮಂತರ ಮಕ್ಕಳು ಭೇದ ಮಾಡೋದು ಕಡಿಮೆಯಾಯ್ತು, ಅವರ ಜೊತೆ ಆಡೋಕೆ ಮನಸ್ಸೂ ಜಾಸ್ತಿಯಾಯ್ತು. ಮಾರ್ಕ್ಸ್ ಇಳಿಯುತ್ತಾ ಅನ್ನೋ ಭಯಕ್ಕೆ ಉತ್ತರ: ಗಣಿತ, ಹಿಂದಿಯಲ್ಲಿ ಇಲ್ಲ, ಇಂಗ್ಲಿಷ್‌ನಲ್ಲಿ ಒಂಚೂರು.

ಊಟದಲ್ಲಿ ಒತ್ತಾಯ ಮಾಡಬೇಡಿ, ಅದು ಅವರ ಬಿಡುವಿನ ಹೊತ್ತು. ಪೇರೆಂಟ್ಸ್ ಮೀಟಿಂಗ್‌ನಲ್ಲಿ ಟೀಚರ್ ಹತ್ರ ಒಂದೇ ಕೇಳಿ: ಪ್ರಾಜೆಕ್ಟಿಗೆ ಗುಂಪು ಯಾರು ಮಾಡ್ತಾರೆ? ಮಕ್ಕಳಿಗೇ ಬಿಟ್ಟಿದ್ದರೆ, ಹಾಜರಿ ಪುಸ್ತಕದ ಕ್ರಮದಲ್ಲಿ ಮಾಡಿ, ಕೆಲವು ವಾರ ಅದೇ ಗುಂಪು ಇರಲಿ ಅನ್ನಿ.