ಮೀಡಿಯಂ ವೇವ್‌ಗೆ ಗುಡ್ಡ ಬೇಡ, ಹಸಿ ನೆಲ ಬೇಕು

ಮಂಗಳೂರು ಆಕಾಶವಾಣಿ ಶುರುವಾದದ್ದು 1976ರಲ್ಲಿ. ಸ್ಟುಡಿಯೋ ಕದ್ರಿ ಗುಡ್ಡದ ಮೇಲೆ. 1089 ಕಿಲೋಹರ್ಟ್ಸ್‌ನ 20 ಕಿಲೋವ್ಯಾಟ್ ಮೀಡಿಯಂ ವೇವ್ ಟ್ರಾನ್ಸ್‌ಮಿಟರ್ ಮಾತ್ರ ಉಡುಪಿ ದಾಟಿ ಬ್ರಹ್ಮಾವರದಲ್ಲಿ. ಗುಡ್ಡ ಬಿಟ್ಟು ಅಲ್ಲಿಗೆ ಯಾಕೆ ಎಂದು ಈಗಲೂ ಕೇಳುವವರಿದ್ದಾರೆ. ಎತ್ತರ ಬೇಕಾಗುವುದು ಎಫ್‌ಎಂಗೆ, ಅದು ನೆಟ್ಟಗೆ ಹೋಗುವ ಅಲೆ. ಮೀಡಿಯಂ ವೇವ್ ಹಗಲಿನಲ್ಲಿ ನೆಲಕ್ಕೆ ಅಂಟಿಕೊಂಡೇ ಸಾಗುತ್ತದೆ. ಒಣ ಮುರಕಲ್ಲು ಅದನ್ನು ಹೀರಿಬಿಡುತ್ತದೆ. ಗದ್ದೆಯ ಕೆಸರು, ಉಪ್ಪುನೀರು ಅದಕ್ಕೆ ರಾಜಮಾರ್ಗ.

ಲೆಕ್ಕ ಸುಲಭ. ರೇಡಿಯೋ ಅಲೆಯ ವೇಗ ಸೆಕೆಂಡಿಗೆ 3,00,000 ಕಿಲೋಮೀಟರ್; ಅದನ್ನು 1089ರಿಂದ ಭಾಗಿಸಿದರೆ ಅಲೆಯ ಉದ್ದ ಸುಮಾರು 275 ಮೀಟರ್, ಅದರ ಕಾಲು ಭಾಗ 69 ಮೀಟರ್. ಇಂಥ ಕೇಂದ್ರಗಳಲ್ಲಿ ಪಿಂಗಾಣಿ ಇನ್ಸುಲೇಟರ್ ಮೇಲೆ ನಿಂತ ಟವರೇ ಆಂಟೆನಾ, ಅದರ ಇನ್ನರ್ಧ ಮಣ್ಣಿನೊಳಗೆ. ಒಳ್ಳೆಯ ಕೆಲಸ ಎಂದರೆ ಬುಡದಿಂದ ಸುತ್ತಲೂ 120 ತಾಮ್ರದ ತಂತಿ, ಒಂದೊಂದೂ ಕಾಲು ಅಲೆಯಷ್ಟು ಉದ್ದ. ಒಟ್ಟು 8 ಕಿಲೋಮೀಟರಿಗೂ ಹೆಚ್ಚು ತಾಮ್ರ, ಹೊರಗೆ ಯಾರ ಕಣ್ಣಿಗೂ ಬೀಳದು.

ಕೆಡುವುದೂ ಇಲ್ಲೇ. ಕರಾವಳಿಯ ಉಪ್ಪಿಗೆ ಬೆಸುಗೆಗಳು ಹಸಿರುಗಟ್ಟಿ ಬಿಡುತ್ತವೆ. ಕಾಲು ಅಲೆಯಷ್ಟು ಎತ್ತರದ ಟವರಿನ ವಿಕಿರಣ ರೋಧ, ಅಂದರೆ ಅಲೆಯಾಗಿ ಹೊರಹೋಗುವ ಶಕ್ತಿಯನ್ನು ಲೆಕ್ಕ ಹಾಕುವ ರೋಧ, ಸುಮಾರು 36 ಓಮ್. ನೆಲದ ನಷ್ಟ 4 ಓಮ್ ಇದ್ದರೆ ಹತ್ತರಲ್ಲಿ ಒಂದು ಪಾಲು ಹೋಯಿತು. ಅದೂ 36ಕ್ಕೆ ಏರಿದರೆ ಅರ್ಧಕ್ಕರ್ಧ ವ್ಯಾಟು ಮಣ್ಣು ಕಾಯಿಸಲು ಖರ್ಚು. ಟ್ರಾನ್ಸ್‌ಮಿಟರಿನ ಮೀಟರ್ ಆಗಲೂ 20 ಎಂದೇ ತೋರಿಸೀತು. ನಂಬಬೇಕಾದದ್ದು ಟವರಿಗೆ ಹರಿಯುವ ಕರೆಂಟನ್ನು ಅಳೆಯುವ, ಬುಡದ ಆಂಪಿಯರ್ ಮೀಟರನ್ನು.

ಬರೀ ವ್ಯಾಟು ನೋಡಿದರೆ ಮೋಸ ಹೋಗುತ್ತೇವೆ. 1935ರಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಲ್ಲೇ ‘ಆಕಾಶವಾಣಿ’ ಆರಂಭಿಸಿದಾಗ ಇದ್ದದ್ದು 30 ವ್ಯಾಟ್. (ದೆಹಲಿಯ ಆಲ್ ಇಂಡಿಯಾ ರೇಡಿಯೋ ಆ ಹೆಸರು ಎತ್ತಿಕೊಂಡದ್ದು ಆಮೇಲೆ.) ಅದು ಮುಂದೆ 250ಕ್ಕೆ ಏರಿತು. ಶಕ್ತಿ ಎಂಟು ಪಟ್ಟು ದಾಟಿತು, ಸರಿ; ಸಿಗ್ನಲ್ ಏರುವುದು ಅದರ ವರ್ಗಮೂಲದ ಲೆಕ್ಕದಲ್ಲಿ, ಅಂದರೆ ಮೂರು ಪಟ್ಟಿಗೂ ತುಸು ಕಡಿಮೆ.

ಕೇಳುವವರ ಕಡೆಯೂ ಒಂದು ಕಿತಾಪತಿ ಇದೆ. ರೇಡಿಯೋ ಒಳಗೆ ಅಡ್ಡ ಮಲಗಿದ ಕಪ್ಪು ಫೆರೈಟ್ ಕಡ್ಡಿಯೇ ಅದರ ಆಂಟೆನಾ. ಕೇಂದ್ರದ ದಿಕ್ಕಿಗೆ ಅಡ್ಡವಾಗಿದ್ದರೆ ಜೋರು, ತುದಿ ತೋರಿಸಿದರೆ ಗಪ್‌ಚುಪ್. ಬ್ರಹ್ಮಾವರ ಉತ್ತರಕ್ಕಿರುವುದರಿಂದ ಮಂಗಳೂರಿನ ಮನೆಯಲ್ಲಿ ಸೆಟ್ಟಿನ ಮುಖ ಉತ್ತರಕ್ಕೋ ದಕ್ಷಿಣಕ್ಕೋ ಇರಬೇಕು. ಕಪಾಟಿನ ಮೇಲಿನ ಸೆಟ್ಟನ್ನು ಅಜ್ಜಂದಿರು ಅಷ್ಟಷ್ಟೇ ತಿರುಗಿಸುತ್ತಿದ್ದದ್ದು ಇದಕ್ಕೇ.